ಒಂದೇ ಲಾಟಿಗೆ ಎರಡು ಕೌಂಟರು: ಆಕ್ಸೆಸ್‌ನಲ್ಲಿ ರೆಕಾರ್ಡ್ ಲಾಕ್ ಜಗಳ ಬಿಡಿಸುವುದು ಹೇಗೆ?

ಪ್ರಶ್ನೆ: ನಮ್ಮದು ರಾಣೆಬೆನ್ನೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ. ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಮಾಲಕರ ಪರಿಚಯದ ಹುಡುಗನೊಬ್ಬ ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಬಿಲ್ಲಿಂಗ್ ಮತ್ತು ಸ್ಟಾಕ್ ಮಾಡಿಕೊಟ್ಟು ಬೆಂಗಳೂರಿಗೆ ಕೆಲಸಕ್ಕೆ ಹೋದ. ಫೈಲು ಮಾಲಕರ ಕಂಪ್ಯೂಟರಿನ ಶೇರ್ಡ್ ಫೋಲ್ಡರಿನಲ್ಲಿದೆ. ಎರಡು ಕೌಂಟರು, ಗೋಡೌನಿನ ಲ್ಯಾಪ್‌ಟಾಪು, ಮಾಲಕರ ಕಂಪ್ಯೂಟರು, ಈ ನಾಲ್ಕೂ ಕಡೆಯಿಂದ ಅದೇ ಫೈಲು ತೆರೆಯುತ್ತೇವೆ. ಬೇಸಿಗೆಯಲ್ಲಿ ಏನೂ ತೊಂದರೆ ಇಲ್ಲ. ಮುಂಗಾರಿನ ಗದ್ದಲ ಶುರುವಾದರೆ ಸಾಕು, 'ರೈಟ್ ಕಾನ್‌ಫ್ಲಿಕ್ಟ್' (ಇದೇ ಸಾಲನ್ನು ಬೇರೆಯವರೂ ಬದಲಿಸಿದ್ದಾರೆ) ಎಂದು ಮೂರು ಬಟನ್ನಿನ ಡಬ್ಬಿ ಬರುತ್ತದೆ. ಕೌಂಟರಿನ ಹುಡುಗರು ಏನೋ ಒಂದು ಒತ್ತುತ್ತಾರೆ. ಯಾರೋ ಹೇಳಿದರೆಂದು ಸೆಟ್ಟಿಂಗನ್ನು 'ಎಡಿಟೆಡ್ ರೆಕಾರ್ಡ್' ಮಾಡಿದೆ. ಡಬ್ಬಿ ನಿಂತಿತು. ಆದರೆ ಈಗ ಒಂದು ಕೌಂಟರಿನಲ್ಲಿ ಬರೆಯುತ್ತಿದ್ದರೆ ಇನ್ನೊಂದರಲ್ಲಿ ಟೈಪೇ ಆಗುವುದಿಲ್ಲ. ಸ್ಟಾಕ್ ತಾಳೆ ಆಗುತ್ತಿಲ್ಲ, ಹೋದ ವರ್ಷ ಒಂದೇ ಬಿಲ್ ನಂಬರ್ ಎರಡು ಸಲ ಬಂದಿದೆ. ಯಾವ ಲಾಕ್ ಸೆಟ್ಟಿಂಗ್ ಇಟ್ಟರೆ ಸರಿ?

ಉತ್ತರ: ಸೆಟ್ಟಿಂಗನ್ನು ಮತ್ತೆ 'ನೋ ಲಾಕ್ಸ್'ಗೇ ತನ್ನಿ. ನೀವು ಕೇಳಿದ್ದಕ್ಕೆ ನೇರ ಉತ್ತರ ಇಷ್ಟೇ. ಆದರೆ ಇದರಿಂದ ಸ್ಟಾಕು ತಾಳೆಯಾಗುವುದಿಲ್ಲ, ಬಿಲ್ ನಂಬರೂ ಸರಿಹೋಗುವುದಿಲ್ಲ. ಇಬ್ಬರು ಒಂದೇ ಸಾಲಿಗೆ ಕೈ ಹಾಕಿದಾಗ ಯಾರನ್ನು ಯಾವಾಗ ತಡೆಯಬೇಕು ಎಂಬುದನ್ನಷ್ಟೇ ಲಾಕ್ ಸೆಟ್ಟಿಂಗ್ ತೀರ್ಮಾನಿಸುತ್ತದೆ. ದಿನಕ್ಕೆ ನೂರಾರು ಸಲ ಇಬ್ಬರೂ ಒಂದೇ ಸಾಲಿಗೆ ಕೈ ಹಾಕಲೇಬೇಕಾದ ಹಾಗೆ ನಿಮ್ಮ ಟೇಬಲ್ ಕಟ್ಟಿದ್ದಾರೆ. ರಿಪೇರಿ ಆಗಬೇಕಾದದ್ದು ಅಲ್ಲಿ.

ನಿಮ್ಮ ಫೈಲು ನಾನು ನೋಡಿಲ್ಲ. ಆದರೂ ನೀವು ಹೇಳಿದ ಲಕ್ಷಣಗಳಿಂದ ಒಳಗೆ ಏನಿದೆ ಎಂದು ಊಹಿಸಬಹುದು: ಸ್ಟಾಕ್ ಟೇಬಲ್ಲಿನಲ್ಲಿ ಪ್ರತಿ ಲಾಟಿಗೆ (ಒಂದೇ ಬ್ಯಾಚಿನ ಬೀಜಕ್ಕೆ) ಒಂದು ಸಾಲು, ಅಂದರೆ ರೆಕಾರ್ಡು, ಆ ಸಾಲಿನಲ್ಲಿ 'ಉಳಿದ ಪಾಕೀಟು' ಎಂಬ ಖಾನೆ, ಅಂದರೆ ಫೀಲ್ಡು. ಬಿಲ್ ಆದಾಗಲೆಲ್ಲ ಆ ಫೀಲ್ಡಿನ ಅಂಕಿ ಕಡಿಮೆ ಆಗುತ್ತದೆ. ಒಬ್ಬನೇ ಕುಳಿತು ಬಿಲ್ ಮಾಡುವ ಅಂಗಡಿಗೆ ಇದು ಸಾಕು. ಎರಡು ಕೌಂಟರಾದ ಕೂಡಲೇ ಏನಾಗುತ್ತದೆ ನೋಡಿ.

ಗೋವಿನಜೋಳದ ಒಂದು ಲಾಟಿನಲ್ಲಿ 120 ಪಾಕೀಟು ಇವೆ ಎನ್ನಿ. ಮೊದಲ ಕೌಂಟರಿನವನು ಆ ಸಾಲು ತೆರೆದ, 120 ಕಂಡಿತು. ಎರಡನೆಯ ಕೌಂಟರಿನವನೂ ತೆರೆದ, ಅವನಿಗೂ 120 ಕಂಡಿತು. ಮೊದಲನೆಯವನು 10 ಪಾಕೀಟು ಕೊಟ್ಟು 110 ಎಂದು ಸೇವ್ ಮಾಡಿದ. ಎರಡನೆಯವನು 25 ಕೊಟ್ಟ. ಅವನ ಪರದೆಯ ಲೆಕ್ಕದಲ್ಲಿ 120ರಲ್ಲಿ 25 ಹೋದರೆ 95. ಸೇವ್ ಮಾಡಲು ಹೋದಾಗ ಡಬ್ಬಿ ಬಂತು. 'ಸೇವ್ ರೆಕಾರ್ಡ್' ಒತ್ತಿದರೆ 95 ಕೂರುತ್ತದೆ, ಮೊದಲ ಕೌಂಟರಿನ 10 ಅಳಿಸಿಹೋಗುತ್ತದೆ. 'ಡ್ರಾಪ್ ಚೇಂಜಸ್' ಒತ್ತಿದರೆ 110 ಉಳಿಯುತ್ತದೆ, ಇವನು ಕೊಟ್ಟ 25 ಲೆಕ್ಕಕ್ಕೇ ಬರುವುದಿಲ್ಲ. 'ಕಾಪಿ ಟು ಕ್ಲಿಪ್‌ಬೋರ್ಡ್' ಒತ್ತಿದರೆ ಇವನು ಬರೆದದ್ದು ಕ್ಲಿಪ್‌ಬೋರ್ಡಿಗೆ ಹೋಗಿ ಪರದೆಯ ಮೇಲೆ ಇನ್ನೊಬ್ಬನ 110 ಬರುತ್ತದೆ. ಅದನ್ನು ನೋಡಿಕೊಂಡು ಮತ್ತೆ ಬರೆಯಬೇಕು. ಕ್ಯೂ ನಿಂತಿರುವಾಗ ಅಷ್ಟು ಮಾಡುವವರು ಯಾರು? ನಿಜವಾಗಿ ಉಳಿದದ್ದು 85. ಮೂರರಲ್ಲಿ ಯಾವ ಬಟನ್ ಒತ್ತಿದರೂ 85 ಬರುವುದಿಲ್ಲ. ಹಾಗಾಗಿ ಹುಡುಗರನ್ನು ಬೈಯಬೇಡಿ. "ಅಣ್ಣಾರ, ಇದರಾಗ ಯಾವುದು ಒತ್ತಲಿ?" ಎಂದು ಅವರು ಕೇಳಿದರೆ ನಿಮ್ಮ ಹತ್ತಿರವೂ ಸರಿಯಾದ ಉತ್ತರ ಇಲ್ಲ.

ಇನ್ನೊಂದು ಕಿರಿಕಿರಿ ಏನೆಂದರೆ, ಆಕ್ಸೆಸ್ ಇಡೀ ಸಾಲನ್ನು ನೋಡುತ್ತದೆ, ಫೀಲ್ಡನ್ನಲ್ಲ. ಗೋಡೌನಿನವನು ಅದೇ ಲಾಟಿನ ರ‍್ಯಾಕ್ ನಂಬರ್ ಬದಲಿಸಿದರೂ ಪಾಕೀಟಿನ ಅಂಕಿ ಬದಲಿಸುತ್ತಿರುವ ಕೌಂಟರಿನವನಿಗೆ ಡಬ್ಬಿ ಬರುತ್ತದೆ. ಇಬ್ಬರ ಕೆಲಸಕ್ಕೂ ಸಂಬಂಧ ಇಲ್ಲ, ಸಾಲು ಒಂದೇ ಆದದ್ದರಿಂದ ಜಗಳ.

ಅದಕ್ಕೇ 'ಎಡಿಟೆಡ್ ರೆಕಾರ್ಡ್' ಮಾಡಿದಿರಿ. ಈಗ ಮೊದಲನೆಯವನು ಒಂದು ಅಕ್ಷರ ಒತ್ತಿದ ಕ್ಷಣದಿಂದ ಸೇವ್ ಆಗುವವರೆಗೆ ಆ ಸಾಲು ಅವನದು. ಇನ್ನೊಬ್ಬ ಕೀ ಒತ್ತಿದರೆ ಅಕ್ಷರ ಮೂಡುವುದಿಲ್ಲ. ಫಾರ್ಮಿನ ಎಡ ಅಂಚಿನಲ್ಲಿ ಅಡ್ಡಗೆರೆ ಹಾಕಿದ ಒಂದು ಸಣ್ಣ ಸುತ್ತು ಕಾಣುತ್ತದೆ. 'ಬೇರೆಯವರು ಹಿಡಿದಿದ್ದಾರೆ' ಎನ್ನುವುದಕ್ಕೆ ಗುರುತು ಅದೊಂದೇ. ಆದರೆ ಫಾರ್ಮ್ ಚೆಂದ ಕಾಣಲೆಂದು ಬಹಳ ಮಂದಿ 'ರೆಕಾರ್ಡ್ ಸೆಲೆಕ್ಟರ್ಸ್' ಎಂಬ ಆ ಎಡ ಪಟ್ಟಿಯನ್ನೇ ತೆಗೆದುಬಿಟ್ಟಿರುತ್ತಾರೆ. ಆಗ ಗುರುತೂ ಕಾಣದು. ಹುಡುಗ ಕೀಬೋರ್ಡ್ ಕೆಟ್ಟಿದೆ ಎಂದು ಕುಟ್ಟುತ್ತಾನೆ.

ಈ ಹಿಡಿತ ಎಷ್ಟು ಹೊತ್ತಿನದು ಎಂಬುದನ್ನು ಒಮ್ಮೆ ಕೌಂಟರಿನ ಪಕ್ಕ ನಿಂತು ನೋಡಿ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ನಾನು ಹಾಗೆ ನಿಂತಿದ್ದೆ. ಹುಡುಗ ಲಾಟ್ ಆರಿಸಿದ, ಪಾಕೀಟಿನ ಖಾನೆಯಲ್ಲಿ 6 ಎಂದು ಹೊಡೆದ. ಅಷ್ಟರಲ್ಲಿ ರೈತರು, "ತಡೀರಿ, ಮಗನಿಗೆ ಫೋನ್ ಹಚ್ಚಿ ಕೇಳ್ತೀನಿ, ಅವನು ಬ್ಯಾರೇದು ಹೇಳಿದ್ದ" ಎಂದರು. ಫೋನು ಹತ್ತಲಿಲ್ಲ. ಹುಡುಗ ಪಾಕೀಟು ತರಲು ಹಿಂದಿನ ರ‍್ಯಾಕಿಗೆ ಹೋದ, ಬರುವ ದಾರಿಯಲ್ಲಿ ಮಾಲಕರು ಕರೆದರು. ಸಾಲು ಇನ್ನೂ ಸೇವ್ ಆಗಿಲ್ಲ ಎನ್ನುವ ಪೆನ್ಸಿಲ್ ಗುರುತು ಪರದೆಯ ಮೇಲೆ ಹಾಗೇ ಇತ್ತು. ಅಷ್ಟು ಹೊತ್ತೂ ಆ ಲಾಟು ಇನ್ನೊಂದು ಕೌಂಟರಿಗೆ ಸಿಗಲಿಲ್ಲ. ಎಲ್ಲರೂ ಕೇಳುವ ತಳಿ ಒಂದೇ ಆಗಿರುವಾಗ, ಒಂದು ಲಾಟು ಲಾಕ್ ಆಯಿತೆಂದರೆ ಅಂಗಡಿಯೇ ಲಾಕ್ ಆದಂತೆ. ಮನುಷ್ಯ ಯೋಚಿಸುತ್ತಿರುವಾಗ ಲಾಕ್ ಹಿಡಿದಿರಬಾರದು, ಯಂತ್ರ ಬರೆಯುವ ಆ ಒಂದು ಗಳಿಗೆಗೆ ಮಾತ್ರ ಹಿಡಿಯಬೇಕು. 'ನೋ ಲಾಕ್ಸ್' ಮಾಡುವುದು ಅದನ್ನೇ. ಹೆಸರಿಗೆ ಲಾಕ್ ಇಲ್ಲ ಎಂದಿದ್ದರೂ ಸೇವ್ ಆಗುವ ಕ್ಷಣದಲ್ಲಿ ಲಾಕ್ ಹಾಕಿಯೇ ಹಾಕುತ್ತದೆ. ಮೂರನೆಯದಾದ 'ಆಲ್ ರೆಕಾರ್ಡ್ಸ್' ಇಡೀ ಟೇಬಲ್ಲನ್ನೇ ಹಿಡಿಯುತ್ತದೆ. ಅಂಗಡಿ ಮುಚ್ಚಿ ವರ್ಷದ ಲೆಕ್ಕ ಮಾಡುವಾಗ ಬಿಟ್ಟರೆ ಅದರ ಗೊಡವೆ ಬೇಡ.

ಸೆಟ್ಟಿಂಗ್ ಬದಲಿಸುವಾಗ ಒಂದು ಎಚ್ಚರ. ಫೈಲ್, ಆಪ್ಷನ್ಸ್, ಕ್ಲೈಂಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್ ಎಂದು ಹೋಗಿ ಬದಲಿಸುವುದು ಆ ಕಂಪ್ಯೂಟರಿಗೆ ಮಾತ್ರ ಸೇರಿದ್ದು. ಜೊತೆಗೆ ಪ್ರತಿ ಫಾರ್ಮಿನ ಪ್ರಾಪರ್ಟಿ ಶೀಟಿನಲ್ಲಿ 'ರೆಕಾರ್ಡ್ ಲಾಕ್ಸ್' ಎಂದು ಅದರದೇ ಬೇರೆ ಖಾನೆ ಇದೆ. ಫಾರ್ಮಿನ ಮಟ್ಟಿಗೆ ನಡೆಯುವುದು ಆ ಖಾನೆಯ ಮಾತು. ಮೊದಲು ನೋಡಬೇಕಾದದ್ದು ಅದನ್ನು. ಅದೇ ಅಡ್ವಾನ್ಸ್ಡ್ ಪಟ್ಟಿಯಲ್ಲಿ 'ರಿಫ್ರೆಶ್ ಇಂಟರ್ವಲ್' 60 ಸೆಕೆಂಡ್ ಎಂದಿರುತ್ತದೆ. ಪಕ್ಕದ ಕೌಂಟರಿನಲ್ಲಿ ಬದಲಾದ ಅಂಕಿ ನಿಮ್ಮ ತೆರೆದ ಫಾರ್ಮಿಗೆ ಬರಲು ಒಂದು ನಿಮಿಷದವರೆಗೆ ಹಿಡಿಯಬಹುದು ಎಂದು ಅದರರ್ಥ. ಅಂದರೆ ಕೌಂಟರಿನವನು ನೋಡುವ 'ಉಳಿದ ಪಾಕೀಟು' ಯಾವಾಗಲೂ ಸ್ವಲ್ಪ ಹಳೆಯದು. ಇದನ್ನು 5 ಸೆಕೆಂಡಿಗೆ ಇಳಿಸಿ ಎನ್ನುವ ಸಲಹೆ ಕೊಡುವವರಿದ್ದಾರೆ. ನಾಲ್ಕು ಕಂಪ್ಯೂಟರೂ ಐದೈದು ಸೆಕೆಂಡಿಗೊಮ್ಮೆ ಮಾಲಕರ ಯಂತ್ರವನ್ನು ಕೇಳತೊಡಗಿದರೆ ಎಲ್ಲವೂ ನಿಧಾನ. ಬೇಡ.

'ಓಪನ್ ಡೇಟಾಬೇಸಸ್ ಬೈ ಯೂಸಿಂಗ್ ರೆಕಾರ್ಡ್ ಲೆವೆಲ್ ಲಾಕಿಂಗ್' ಎಂಬ ಟಿಕ್ ನಾಲ್ಕೂ ಕಂಪ್ಯೂಟರಿನಲ್ಲಿ ಇರಲಿ. ಫೈಲನ್ನು ಆ ದಿನ ಮೊದಲು ತೆರೆದವರ ಟಿಕ್ ಹೇಗಿದೆಯೋ ಉಳಿದವರಿಗೂ ಅದೇ ಅನ್ವಯವಾಗುತ್ತದೆ. 'ನಿನ್ನೆ ಸರಿ ಇತ್ತು, ಇವತ್ತು ಕೈ ಕೊಟ್ಟಿದೆ' ಎಂಬ ದೂರುಗಳಲ್ಲಿ ಕೆಲವಕ್ಕೆ ಕಾರಣ ಇದು. ಟಿಕ್ ಇಲ್ಲದಿದ್ದರೆ ಲಾಕ್ ಬೀಳುವುದು ಒಂದು ಸಾಲಿಗಲ್ಲ, ಆ ಸಾಲು ಕುಳಿತಿರುವ 4096 ಬೈಟಿನ ಇಡೀ ಪುಟಕ್ಕೆ (ಫೈಲಿನ ಒಂದು ತುಂಡಿಗೆ). ಅಕ್ಕಪಕ್ಕದ ಲಾಟುಗಳೂ ಸಿಕ್ಕಿಬೀಳುತ್ತವೆ. ಆಕ್ಸೆಸ್ 97ರವರೆಗೆ ಪುಟ ಲಾಕ್ ಬಿಟ್ಟು ಬೇರೆ ದಾರಿಯೇ ಇರಲಿಲ್ಲ. ಆಗ ಪುಟ 2048 ಬೈಟಿನದು. ಒಂದು ಪುಟದಲ್ಲಿ ಒಂದೇ ಸಾಲು ಕೂರಲಿ ಎಂದು ಕೆಲಸಕ್ಕೆ ಬಾರದ ಫೀಲ್ಡುಗಳನ್ನು ತುಂಬಿ ಸಾಲನ್ನು ಬೇಕೆಂದೇ ಉಬ್ಬಿಸುತ್ತಿದ್ದವರೂ ಇದ್ದರು. ಆಕ್ಸೆಸ್ 2000ದಲ್ಲಿ ಕನ್ನಡದಂಥ ಎಲ್ಲ ಲಿಪಿಗಳನ್ನೂ ಇಡಬಲ್ಲ ಯುನಿಕೋಡ್ ಬಂತು, ಪುಟ ದುಪ್ಪಟ್ಟಾಯಿತು, ಸಾಲಿನ ಲಾಕೂ ಬಂತು. ನೀವು ರೈತರ ಹೆಸರು, ಊರು ಕನ್ನಡದಲ್ಲೇ ಇಟ್ಟಿದ್ದರೆ ಇಲ್ಲೊಂದು ತಮಾಷೆ ಇದೆ. ಇಂಗ್ಲಿಷ್ ಅಕ್ಷರಗಳನ್ನು ಆಕ್ಸೆಸ್ ಒಂದೊಂದು ಬೈಟಿಗೆ ಕುಗ್ಗಿಸಿ ಇಡಬಲ್ಲದು, ಕನ್ನಡವನ್ನು ಹಾಗೆ ಕುಗ್ಗಿಸಲು ಅದಕ್ಕೆ ಬರುವುದಿಲ್ಲ. 'ರಾಣೆಬೆನ್ನೂರು' ಎಂದು ಬರೆದರೆ ಅಕ್ಷರ, ಕಾಗುಣಿತ, ಒತ್ತು ಎಲ್ಲ ಸೇರಿ 12 ಚಿಹ್ನೆ, 24 ಬೈಟು. ಹಾಗಾಗಿ ಕನ್ನಡದ ಪುಟದಲ್ಲಿ ಸಾಲುಗಳು ಕಡಿಮೆ, ಪುಟ ಲಾಕ್ ಆದಾಗ ಸಿಕ್ಕಿಬೀಳುವ ನೆರೆಯವರೂ ಕಡಿಮೆ!

ಈಗ ಮುಖ್ಯ ರಿಪೇರಿಗೆ ಬರೋಣ. 'ಉಳಿದ ಪಾಕೀಟು' ಎಂಬ ಫೀಲ್ಡನ್ನು ಎಲ್ಲರೂ ತಿದ್ದುವುದು ನಿಲ್ಲಬೇಕು. ಅದರ ಬದಲು ಒಂದು ಹೊಸ ಟೇಬಲ್ ಮಾಡಿ, 'ಸ್ಟಾಕ್ ವಹಿವಾಟು' ಎನ್ನಿ. ಅದರಲ್ಲಿ ದಿನಾಂಕ, ಲಾಟ್, ಬಂದದ್ದೋ ಹೋದದ್ದೋ, ಎಷ್ಟು, ಯಾವ ಬಿಲ್ಲು, ಯಾವ ಕೌಂಟರು, ಇಷ್ಟು ಇದ್ದರೆ ಸಾಕು. ಮಾಲು ಬಂದರೆ ಕೂಡುವ ಸಾಲು, ಮಾರಿದರೆ ಕಳೆಯುವ ಸಾಲು, ರೈತರು ವಾಪಸ್ ತಂದರೆ ಮತ್ತೆ ಕೂಡುವ ಸಾಲು. ಬರೆದ ಸಾಲನ್ನು ಯಾರೂ ತಿದ್ದುವುದಿಲ್ಲ. ತಪ್ಪಾದರೆ ಅದಕ್ಕೆ ಎದುರು ಸಾಲು ಹಾಕುತ್ತಾರೆ. ಉಳಿದದ್ದೆಷ್ಟು ಎಂಬುದನ್ನು ಎಲ್ಲೂ ಬರೆದಿಡುವುದಿಲ್ಲ, ಬೇಕಾದಾಗ ಕ್ವೆರಿ (ಟೇಬಲ್ಲಿಗೆ ಕೇಳುವ ಪ್ರಶ್ನೆ) ಕೂಡಿ ಹೇಳುತ್ತದೆ. ಮೇಲಿನ ಉದಾಹರಣೆಯಲ್ಲಿ ಮೊದಲ ಕೌಂಟರಿನವನು 'ಕಳೆ 10' ಎಂಬ ತನ್ನ ಸಾಲು ಬರೆಯುತ್ತಾನೆ, ಎರಡನೆಯವನು 'ಕಳೆ 25' ಎಂಬ ತನ್ನ ಸಾಲು. ಇಬ್ಬರೂ ಒಂದೇ ಸಾಲು ಮುಟ್ಟಲಿಲ್ಲ. ಕೂಡಿದರೆ 85. ಡಬ್ಬಿಯೂ ಇಲ್ಲ, ಕಾಯುವುದೂ ಇಲ್ಲ.

ಕಾಗದದ ಕಾಲದಲ್ಲೂ ನಿಮ್ಮ ಅಂಗಡಿ ನಡೆದದ್ದು ಹೀಗೇ ಅಲ್ಲವೇ? ಪ್ರತಿ ಕೌಂಟರಿಗೆ ಅದರದೇ ಬಿಲ್ ಬುಕ್ಕು, ರಾತ್ರಿ ಗುಮಾಸ್ತರು ಎರಡೂ ಬುಕ್ಕು ಮುಂದಿಟ್ಟುಕೊಂಡು ಸ್ಟಾಕ್ ಬುಕ್ಕಿನಲ್ಲಿ ಕಳೆಯುತ್ತಿದ್ದರು. ಗಿರಾಕಿ ನಿಂತಿರುವಾಗ ಇಬ್ಬರು ಒಂದೇ ಸ್ಟಾಕ್ ಬುಕ್ಕನ್ನು ಎಳೆದಾಡುತ್ತಿರಲಿಲ್ಲ.

ಸಾಲುಗಳು ಬೆಳೆದು ನಿಧಾನ ಆಗುವುದಿಲ್ಲವೇ ಎಂದು ಕೇಳಬಹುದು. ಲಾಟ್ ಫೀಲ್ಡಿಗೆ ಇಂಡೆಕ್ಸ್ (ಬೇಗ ಹುಡುಕಲು ಆಕ್ಸೆಸ್ ಇಟ್ಟುಕೊಳ್ಳುವ ಸೂಚಿ) ಹಾಕಿದರೆ ಲಕ್ಷ ಸಾಲಿಗೂ ಆಕ್ಸೆಸ್ ಅಂಜುವುದಿಲ್ಲ. ಅದರ ಕೊನೆಯ ಗಡಿ ಒಂದು ಫೈಲಿಗೆ 2 ಜಿಬಿ. ಬರೀ ಅಂಕಿ, ಹೆಸರು ಇಡುವ ಅಂಗಡಿ ಅಲ್ಲಿಗೆ ಮುಟ್ಟುವುದು ಬಹಳ ದೂರದ ಮಾತು. ಬಿಲ್ಲಿನ ಸ್ಕ್ಯಾನ್ ಪ್ರತಿ, ಫೋಟೋಗಳನ್ನು ಒಳಗೆ ತುರುಕದಿದ್ದರೆ ಸರಿ. ವರ್ಷಕ್ಕೊಮ್ಮೆ ಗೋಡೌನ್ ಎಣಿಸಿ 'ಆರಂಭದ ಶಿಲ್ಕು' ಎಂದು ಲಾಟಿಗೊಂದು ಸಾಲು ಹಾಕಿ ಹಳೆಯದನ್ನು ಬೇರೆ ಫೈಲಿಗೆ ಸಾಗಿಸಬಹುದು. ಹಳೆಯದನ್ನು ಅಳಿಸಬೇಡಿ. ಬೀಜ ಮೊಳೆಯಲಿಲ್ಲ ಎಂದು ರೈತರು ಬಂದಾಗ ಯಾವ ಲಾಟಿನದು ಯಾರಿಗೆ ಹೋಯಿತು ಎಂದು ತೋರಿಸಬೇಕಾದವರು ನೀವು. ತಿದ್ದದ, ಅಳಿಸದ ಸಾಲುಗಳಿದ್ದರೆ ಆ ಮಾತು ಒಂದು ಕ್ವೆರಿಯಲ್ಲಿ ಮುಗಿಯುತ್ತದೆ.

ಕೊನೆಯ ಐದು ಪಾಕೀಟು ಉಳಿದಿವೆ, ಎರಡೂ ಕೌಂಟರು ಒಮ್ಮೆಲೇ ಐದೈದು ಬಿಲ್ ಮಾಡಿದರೆ? ಲೆಕ್ಕ ಮೈನಸ್ 5ಕ್ಕೆ ಹೋಗುತ್ತದೆ. ನನ್ನ ಪ್ರಕಾರ ಬೀಜದ ಅಂಗಡಿಗೆ ಇದು ತಲೆಬಿಸಿ ಮಾಡಿಕೊಳ್ಳುವ ವಿಷಯವಲ್ಲ. ಪಾಕೀಟು ಹುಡುಗನ ಕೈಯಲ್ಲಿ ಇದ್ದ ಮೇಲೆ ಬಿಲ್ ಆಗಲೇಬೇಕು. ಪಾಕೀಟು ಇದ್ದೂ ಕಂಪ್ಯೂಟರು 'ಸ್ಟಾಕ್ ಇಲ್ಲ' ಎಂದು ಹಟ ಹಿಡಿದರೆ ತಪ್ಪು ಕಂಪ್ಯೂಟರಿನದು. ಮೈನಸ್ ಬಂದ ಲಾಟುಗಳ ಪಟ್ಟಿ ಸಂಜೆ ತೆಗೆದು ನೋಡಿ, ಗೋಡೌನಿನಿಂದ ಬಂದ ಮಾಲು ಎಂಟ್ರಿ ಆಗಿಲ್ಲ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಮುಂಗಡ ಹಣ ಪಡೆದು ನಾಳೆ ಕೊಡುತ್ತೇವೆ ಎನ್ನುವ ಬುಕಿಂಗ್ ನಿಮ್ಮಲ್ಲಿದ್ದರೆ ಮಾತು ಬೇರೆ. ಆಗ ಕೈಯಲ್ಲಿ ಪಾಕೀಟು ಇರುವುದಿಲ್ಲ, ಅಂಕಿಯನ್ನೇ ನಂಬಬೇಕು. ಅದಕ್ಕಾದರೆ ಒಂದು ಬ್ಯಾಲೆನ್ಸ್ ಫೀಲ್ಡು ಇರಲಿ, ಆದರೆ ಫಾರ್ಮಿನಲ್ಲಿ ಯಾರೂ ಅದನ್ನು ತಿದ್ದಬಾರದು. ಕೋಡಿನಿಂದ ಒಂದೇ ಅಪ್‌ಡೇಟ್ ಕ್ವೆರಿ ಓಡಲಿ: ಬ್ಯಾಲೆನ್ಸ್ ಎಂದರೆ ಈಗಿನ ಬ್ಯಾಲೆನ್ಸಿನಲ್ಲಿ 25 ಕಳೆದದ್ದು, ಷರತ್ತು ಎರಡು, ಲಾಟ್ ಇದೇ ಆಗಿರಬೇಕು, ಬ್ಯಾಲೆನ್ಸ್ 25ಕ್ಕಿಂತ ಕಡಿಮೆ ಇರಬಾರದು. ಕ್ವೆರಿ ಓಡಿಸುವ 'ಎಕ್ಸಿಕ್ಯೂಟ್' ಜೊತೆ, ತಪ್ಪಾದರೆ ಸುಮ್ಮನಿರದೆ ಎರರ್ ಕೊಡುವ 'ಡಿಬಿ ಫೇಲ್ ಆನ್ ಎರರ್' ಸೇರಿಸಿ ಓಡಿಸಿ, ಎಷ್ಟು ಸಾಲು ಬದಲಾಯಿತು ಎಂದು ಹೇಳುವ 'ರೆಕಾರ್ಡ್ಸ್ ಅಫೆಕ್ಟೆಡ್' ನೋಡಿ. 1 ಬಂದರೆ ಸಿಕ್ಕಿತು, 0 ಬಂದರೆ ಅಷ್ಟು ಇಲ್ಲ. ಇಲ್ಲಿ ನಿಮ್ಮ ಪರದೆಯ ಮೇಲಿನ ಹಳೆಯ 120 ಲೆಕ್ಕಕ್ಕೇ ಬರುವುದಿಲ್ಲ. ಓದಿ, ಕಳೆದು, ಬರೆಯುವ ಮೂರೂ ಕೆಲಸ ಎಂಜಿನ್ನಿನ ಒಂದೇ ಏಟಿನಲ್ಲಿ ಆಗುತ್ತವೆ. ಆ ಗಳಿಗೆಯಲ್ಲೇ ಇನ್ನೊಬ್ಬರು ಹಿಡಿದಿದ್ದರೆ 3218 ಅಥವಾ 3260 ನಂಬರಿನ ಎರರ್ ಬರುತ್ತದೆ. 3260 ಬಂದರೆ ಯಾವ ಕಂಪ್ಯೂಟರ್ ಹಿಡಿದಿದೆ ಎಂಬ ಹೆಸರೂ ಅದರಲ್ಲೇ ಇರುತ್ತದೆ. ಎರಡಕ್ಕೂ ಔಷಧ ಒಂದೇ, ಅರ್ಧ ಸೆಕೆಂಡಿನಷ್ಟು ತಡೆದು ಮತ್ತೆ ಪ್ರಯತ್ನಿಸುವುದು, ನಾಲ್ಕೈದು ಸಲ ಆಗದಿದ್ದರೆ ಮಾತ್ರ ಹುಡುಗನಿಗೆ ತಿಳಿಸುವುದು. ತಡೆಯುವ ಹೊತ್ತು ಪ್ರತಿ ಸಲ ಸ್ವಲ್ಪ ಬೇರೆ ಬೇರೆ ಇರಲಿ. ಇಲ್ಲದಿದ್ದರೆ ಎರಡು ಯಂತ್ರಗಳು ಒಂದೇ ತಾಳದಲ್ಲಿ ಢಿಕ್ಕಿ ಹೊಡೆಯುತ್ತಲೇ ಇರುತ್ತವೆ.

ಬಿಲ್ ಬರೆಯುವುದು, ಬಿಲ್ಲಿನ ಸಾಲುಗಳು, ಸ್ಟಾಕ್ ಸಾಲುಗಳು, ಇವೆಲ್ಲ ಒಟ್ಟಿಗೆ ಆಗಬೇಕು ಅಥವಾ ಯಾವುದೂ ಆಗಬಾರದು. ಅದಕ್ಕೆ ಟ್ರಾನ್ಸಾಕ್ಷನ್ ಬಳಸಿ. ಆದರೆ ಅದನ್ನು ಶುರು ಮಾಡುವ 'ಬಿಗಿನ್ ಟ್ರಾನ್ಸ್' ಮತ್ತು ಮುಗಿಸುವ 'ಕಮಿಟ್ ಟ್ರಾನ್ಸ್' ನಡುವೆ ಮೆಸೇಜ್ ಬಾಕ್ಸ್ ಹಾಕಬೇಡಿ. 'ಪ್ರಿಂಟ್ ಮಾಡಲೇ?' ಎಂಬ ಪ್ರಶ್ನೆಯೊಂದು ನಡುವೆ ಕುಳಿತರೆ, ಹುಡುಗ ಓಕೆ ಒತ್ತುವವರೆಗೆ ಅಷ್ಟೂ ಲಾಕುಗಳು ಹಾಗೇ ನಿಂತಿರುತ್ತವೆ. ಅವನು ಚಹಾಕ್ಕೆ ಹೋದರೆ ಮುಗಿಯಿತು. ಸೆಟ್ಟಿಂಗುಗಳೆಲ್ಲ ಸರಿ ಇದ್ದೂ 'ಲಾಕ್ ಆಗಿದೆ' ಎನ್ನುವ ಕಡೆ ನಾನು ಕೋಡು ತೆರೆದು ಮೊದಲು ಹುಡುಕುವುದು ಇದನ್ನೇ.

ಬಿಲ್ ನಂಬರಿನ ವಿಷಯ. ಎರಡು ಬಿಲ್ಲಿಗೆ ಒಂದೇ ನಂಬರ್ ಬಂತು ಎಂದರೆ ಎರಡು ತಪ್ಪು ಸೇರಿವೆ. ಒಂದು, ಹೊಸ ಬಿಲ್ ತೆರೆದ ಕೂಡಲೇ, ಅತಿ ದೊಡ್ಡ ಅಂಕಿ ಹುಡುಕುವ 'ಡಿ ಮ್ಯಾಕ್ಸ್' ಹಾಕಿ ಕೊನೆಯ ನಂಬರಿಗೆ ಒಂದು ಕೂಡಿ ತೋರಿಸುತ್ತಿದ್ದಾರೆ. ಎರಡು ಕೌಂಟರಿನಲ್ಲಿ ಒಂದೇ ಹೊತ್ತಿಗೆ ಹೊಸ ಬಿಲ್ ತೆರೆದರೆ ಇಬ್ಬರಿಗೂ ಅದೇ ನಂಬರು. ಎರಡು, ಆ ಫೀಲ್ಡಿಗೆ, ಒಂದೇ ಅಂಕಿ ಎರಡು ಸಲ ಬರಲು ಬಿಡದ 'ನೋ ಡುಪ್ಲಿಕೇಟ್ಸ್' (ಯೂನಿಕ್) ಇಂಡೆಕ್ಸ್ ಇಲ್ಲ. ಇದ್ದಿದ್ದರೆ ಎರಡನೆಯದಕ್ಕೆ 3022 ಎರರ್ ಬಂದು ಅಲ್ಲೇ ತಡೆಯುತ್ತಿತ್ತು. ಇಂಡೆಕ್ಸ್ ಇವತ್ತೇ ಹಾಕಿ. ಹಳೆಯ ಜೋಡಿ ನಂಬರುಗಳಿರುವವರೆಗೆ ಆಕ್ಸೆಸ್ ಒಪ್ಪುವುದಿಲ್ಲ. ಅವುಗಳನ್ನು ಹೇಗೆ ಸರಿಪಡಿಸಬೇಕೆಂದು ನಿಮ್ಮ ತೆರಿಗೆ ಲೆಕ್ಕ ನೋಡುವವರನ್ನು ಕೇಳಿ, ರೈತರ ಕೈಯಲ್ಲಿ ಬಿಲ್ಲು ಹೋಗಿದೆ, ನೀವೇ ತಿದ್ದಬೇಡಿ.

ಆಕ್ಸೆಸ್ ತಾನೇ ಕೊಡುವ ಆಟೋ ನಂಬರ್ ಹಾಕಿದರಾಯಿತಲ್ಲ ಎನ್ನುವವರಿದ್ದಾರೆ. ಅರ್ಧ ಬರೆದು ಬಿಟ್ಟ ಬಿಲ್ಲಿಗೂ ಅದು ಒಂದು ನಂಬರ್ ಖರ್ಚು ಮಾಡುತ್ತದೆ, ನಡುವೆ ಖಾಲಿ ಬೀಳುತ್ತದೆ. ಜಿಎಸ್‌ಟಿಯ 46ನೇ ನಿಯಮ ಕೇಳುವುದು 16 ಅಕ್ಷರ ಮೀರದ, ಅನುಕ್ರಮವಾದ, ಆ ಆರ್ಥಿಕ ವರ್ಷದಲ್ಲಿ ಮತ್ತೆ ಬಾರದ ನಂಬರು. ತೆರಿಗೆ ಇಲ್ಲದ ಮಾಲಿನ ಬಿಲ್ಲಿಗೂ 49ನೇ ನಿಯಮದಲ್ಲಿ ಅದೇ ಮಾತಿದೆ. ಆದರೆ ಅದೇ ನಿಯಮ ಒಂದಕ್ಕಿಂತ ಹೆಚ್ಚು ಸರಣಿ ಇಡಲು ಬಿಡುತ್ತದೆ. ಬಹಳ ಮಂದಿ ಇದನ್ನು ಗಮನಿಸುವುದಿಲ್ಲ. ಮೊದಲ ಕೌಂಟರಿಗೆ 1/0457, ಎರಡನೆಯದಕ್ಕೆ 2/0312 ಹೀಗೆ ಬೇರೆ ಬೇರೆ ಸರಣಿ ಕೊಟ್ಟುಬಿಡಿ. ಒಂದು ಸರಣಿಗೆ ಒಂದೇ ಯಂತ್ರ ಎಂದಾದ ಮೇಲೆ ಜಗಳಕ್ಕೆ ಯಾರಿದ್ದಾರೆ? ಸರಣಿ ಮತ್ತು ನಂಬರ್ ಎರಡನ್ನೂ ಸೇರಿಸಿ ಯೂನಿಕ್ ಇಂಡೆಕ್ಸ್ ಹಾಕಿ. ನಂಬರನ್ನು ಫಾರ್ಮ್ ತೆರೆದಾಗ ಕೊಡಬೇಡಿ, 'ಬಿಫೋರ್ ಅಪ್‌ಡೇಟ್' ಇವೆಂಟಿನಲ್ಲಿ, ಸೇವ್ ಆಗುವ ಹೊತ್ತಿಗೆ ಕೊಡಿ. ನಂಬರಿಗೆಂದೇ ಒಂದು ಸಾಲಿನ ಟೇಬಲ್ ಮಾಡಿ ಅದನ್ನು ಲಾಕ್ ಹಾಕಿ ಓದಿ ಹೆಚ್ಚಿಸುವ ವಿಧಾನವೂ ಇದೆ, ದೊಡ್ಡ ಕಡೆ ಬೇಕಾಗುತ್ತದೆ. ಎರಡು ಕೌಂಟರಿಗೆ ಅಷ್ಟು ಸಾಹಸ ಬೇಕಿಲ್ಲ.

ಒಬ್ಬರೇ ಕುಳಿತು ಕೆಲಸ ಮಾಡುವಾಗಲೂ 'ಬೇರೆಯವರು ಬದಲಿಸಿದ್ದಾರೆ' ಎಂಬ ಡಬ್ಬಿ ಬಂದರೆ, ಆ ಬೇರೆಯವರು ನೀವೇ. ಫಾರ್ಮಿನಲ್ಲಿ ಏನೋ ಬರೆದು ಸೇವ್ ಆಗುವ ಮೊದಲೇ ಒಂದು ಬಟನ್ ಒತ್ತಿರುತ್ತೀರಿ, ಆ ಬಟನ್ನಿನ ಹಿಂದಿನ ಅಪ್‌ಡೇಟ್ ಕ್ವೆರಿ ಅದೇ ಸಾಲನ್ನು ತಿದ್ದಿರುತ್ತದೆ. ಆ ಬಟನ್ನಿನ ಕೋಡಿನ ಮೊದಲ ಸಾಲಿಗೆ 'ಮಿ.ಡರ್ಟಿ = ಫಾಲ್ಸ್' ಎಂದು ಸೇರಿಸಿದರೆ ಫಾರ್ಮು ಮೊದಲು ಸೇವ್ ಆಗಿ ಆಮೇಲೆ ಕ್ವೆರಿ ಓಡುತ್ತದೆ.

ಇನ್ನು ಫೈಲಿನ ಜಾಗ. ನಾಲ್ಕೂ ಮಂದಿ ಒಂದೇ ಫೈಲು ತೆರೆಯುತ್ತೀರಿ ಎಂದಿರಿ. ಲಾಕಿಗಿಂತ ದೊಡ್ಡ ಅಪಾಯ ಇಲ್ಲಿದೆ, ಯಾವತ್ತೋ ಒಂದು ದಿನ ಫೈಲೇ ಕೆಡುತ್ತದೆ. 'ಡೇಟಾಬೇಸ್ ಟೂಲ್ಸ್'ನಲ್ಲಿ ಫೈಲನ್ನು ಎರಡಾಗಿ ಒಡೆಯುವ ಸೌಲಭ್ಯ ಇದೆ. ಟೇಬಲ್ಲುಗಳಿರುವ ಫೈಲು ಮಾಲಕರ ಕಂಪ್ಯೂಟರಿನಲ್ಲಿ ಇರಲಿ. ಫಾರ್ಮು, ರಿಪೋರ್ಟು, ಕೋಡು ಇರುವ ಫೈಲಿನ ಒಂದೊಂದು ಪ್ರತಿ ಪ್ರತಿ ಯಂತ್ರದ ಸ್ವಂತ ಡಿಸ್ಕಿನಲ್ಲಿ ಇರಲಿ. ಕೌಂಟರಿನ ಯಂತ್ರಗಳಿಗೆ ಪೂರ್ತಿ ಆಕ್ಸೆಸ್ ಕೊಳ್ಳಬೇಕಿಲ್ಲ, ಆಕ್ಸೆಸ್ ರನ್‌ಟೈಮ್ ಉಚಿತವಾಗಿ ಸಿಗುತ್ತದೆ. ಕೌಂಟರಿನವರು ಡಿಸೈನ್ ಕೆದಕಲು ಆಗದಿರುವುದು ಅದರ ಇನ್ನೊಂದು ಲಾಭ.

ಶೇರ್ಡ್ ಫೋಲ್ಡರಿನಲ್ಲಿ ಡೇಟಾಬೇಸಿನದೇ ಹೆಸರಿನ, ಕೊನೆಗೆ ಎಲ್‌ಎಸಿಸಿಡಿಬಿ ಎಂದಿರುವ ಒಂದು ಪುಟ್ಟ ಫೈಲು ಕಾಣುತ್ತದೆ. ಅದೇ ಲಾಕ್ ಫೈಲು. ಮೊದಲನೆಯವರು ತೆರೆದಾಗ ಹುಟ್ಟಿ ಕೊನೆಯವರು ಮುಚ್ಚಿದಾಗ ಅಳಿಯುತ್ತದೆ. ಹಾಗಾಗಿ ನಾಲ್ವರಿಗೂ ಆ ಫೋಲ್ಡರಿನಲ್ಲಿ ಫೈಲು ಹುಟ್ಟಿಸುವ, ಬದಲಿಸುವ, ಅಳಿಸುವ ಹಕ್ಕು ಇರಬೇಕು. ಬರೀ ಓದುವ ಹಕ್ಕು ಕೊಟ್ಟರೆ ಒಬ್ಬರು ತೆರೆದಾಗ ಇನ್ನೊಬ್ಬರು ಹೊರಗೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಕಂಪ್ಯೂಟರುಗಳ ಹೆಸರು ಕಾಣುತ್ತವೆ. ಒಬ್ಬೊಬ್ಬರಿಗೆ 64 ಬೈಟು, ಮೊದಲ 32 ಯಂತ್ರದ ಹೆಸರು, ಉಳಿದ 32 ಬಳಕೆದಾರರ ಹೆಸರು, ಅದು ಸಾಮಾನ್ಯವಾಗಿ 'ಅಡ್ಮಿನ್'. ಅಲ್ಲಿ ಹೆಸರಿದ್ದ ಮಾತ್ರಕ್ಕೆ ಅವರು ಈಗ ಒಳಗಿದ್ದಾರೆ ಎಂದಲ್ಲ, ಹೊರಗೆ ಹೋದವರ ಹೆಸರೂ ಉಳಿದಿರುತ್ತದೆ. ಎಲ್ಲರೂ ಮುಚ್ಚಿದ ಮೇಲೂ ಆ ಫೈಲು ಹೋಗದಿದ್ದರೆ ಯಾವುದೋ ಯಂತ್ರ ನಡುವೆ ಆರಿಹೋಗಿದೆ, ಇಲ್ಲವೇ ಯಾರದೋ ಆಕ್ಸೆಸ್ ಹಿನ್ನೆಲೆಯಲ್ಲಿ ಸಿಕ್ಕಿಕೊಂಡಿದೆ.

ಗೋಡೌನಿನ ಲ್ಯಾಪ್‌ಟಾಪ್ ವೈಫೈ ಮೇಲಿದೆಯೇ? ಇದ್ದರೆ ಅದನ್ನು ಮೊದಲು ತೆಗೆಯಿರಿ. ಬರೆಯುವ ನಡುವೆ ವೈಫೈ ಒಂದು ಕ್ಷಣ ಕೈ ಬಿಟ್ಟರೂ ಪುಟ ಅರ್ಧಕ್ಕೇ ನಿಲ್ಲುತ್ತದೆ. ನೆಟ್‌ವರ್ಕ್ ಕೇಬಲ್ 100 ಮೀಟರಿನವರೆಗೆ ಎಳೆಯಬಹುದು, ಗೋಡೌನು ಅಂಗಡಿಯ ಹಿಂದೆಯೇ ಇದ್ದರೆ ಒಂದು ದಿನದ ಕೆಲಸ. ದೂರ ಇದ್ದರೆ ಅಲ್ಲಿಂದ ಚೀಟಿ ಬರಲಿ, ಎಂಟ್ರಿ ಅಂಗಡಿಯಲ್ಲೇ ಆಗಲಿ. ಮಾಲಕರ ಕಂಪ್ಯೂಟರಿಗೆ ಯುಪಿಎಸ್ ಇರಲಿ, ನೆಟ್‌ವರ್ಕ್ ಸ್ವಿಚ್ಚಿಗೂ ಇರಲಿ. ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ. ಆ ಕಂಪ್ಯೂಟರು ತಾನಾಗಿ ಸ್ಲೀಪ್‌ಗೆ ಹೋಗುವುದನ್ನೂ ನಿಲ್ಲಿಸಿ. ಟೇಬಲ್ಲುಗಳ ಫೈಲನ್ನು ಒನ್‌ಡ್ರೈವ್, ಗೂಗಲ್ ಡ್ರೈವ್ ಫೋಲ್ಡರಿನಲ್ಲಿ ಇಟ್ಟು ಎಲ್ಲರೂ ತೆರೆಯುವ ಉಪಾಯ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅವು ಪ್ರತಿ ಮಾಡುವ ಸೇವೆಗಳು, ಒಬ್ಬರ ಲಾಕು ಇನ್ನೊಬ್ಬರಿಗೆ ಕಾಣುವುದೇ ಇಲ್ಲ. ಬ್ಯಾಕಪ್ಪಿಗೆ ಬೇಕಾದರೆ ರಾತ್ರಿ ಎಲ್ಲರೂ ಮುಚ್ಚಿದ ಮೇಲೆ ಒಂದು ಪ್ರತಿ ಅಲ್ಲಿಗೆ ಹಾಕಿ.

ಇದನ್ನೆಲ್ಲ ಬಿಟ್ಟು ಮೈಕ್ರೋಸಾಫ್ಟಿನದೇ ದೊಡ್ಡ ಡೇಟಾಬೇಸಾದ ಎಸ್‌ಕ್ಯೂಎಲ್ ಸರ್ವರಿಗೇ ಹೋಗಬಾರದೇ ಎಂದು ನಿಮ್ಮ ಮಾಲಕರು ಕೇಳಬಹುದು. ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಉಚಿತ, 2022ರ ಆವೃತ್ತಿಯಲ್ಲಿ ಒಂದು ಡೇಟಾಬೇಸಿಗೆ 10 ಜಿಬಿ ಜಾಗ. ನಿಮ್ಮ ಫಾರ್ಮುಗಳನ್ನು ಇಟ್ಟುಕೊಂಡೇ ಟೇಬಲ್ಲುಗಳನ್ನು ಮಾತ್ರ ಅಲ್ಲಿಗೆ ಸಾಗಿಸಿ ಲಿಂಕ್ ಮಾಡಬಹುದು. ಕರೆಂಟು, ಕೇಬಲ್ಲಿನ ಭಯ ಬಹಳ ಕಡಿಮೆಯಾಗುತ್ತದೆ. ಆದರೆ 'ಉಳಿದ ಪಾಕೀಟು' ಫೀಲ್ಡನ್ನು ಹಾಗೇ ಹೊತ್ತುಕೊಂಡು ಅಲ್ಲಿಗೆ ಹೋದರೆ 95, 110ರ ಜಗಳವೂ ಜೊತೆಗೆ ಬರುತ್ತದೆ. ಮೂರನೆಯ ಕೌಂಟರು ಅಥವಾ ಹಾವೇರಿಯಲ್ಲಿ ಇನ್ನೊಂದು ಅಂಗಡಿ ತೆರೆಯುವ ಆಲೋಚನೆ ಇದ್ದರೆ ಹೋಗಿ, ಇಲ್ಲದಿದ್ದರೆ ಆತುರ ಇಲ್ಲ.

ರೋಹಿಣಿ ಮಳೆಗೆ ಮುಂಚೆ ಇಷ್ಟು ಆಗಲಿ: ಪೂರ್ತಿ ಫೈಲಿನ ಒಂದು ಪ್ರತಿ ತೆಗೆದಿಡಿ, ಫೈಲು ಒಡೆಯಿರಿ, ಫಾರ್ಮುಗಳನ್ನು 'ನೋ ಲಾಕ್ಸ್' ಮಾಡಿ, ಎರಡು ಸರಣಿಯ ಬಿಲ್ ನಂಬರ್ ಹಾಕಿ, ಗೋಡೌನಿಗೆ ಕೇಬಲ್ ಎಳೆಸಿ. ಸ್ಟಾಕ್ ವಹಿವಾಟಿನ ಟೇಬಲ್ ಕೂಡ ಆದರೆ ಒಳ್ಳೆಯದು, ಆದರೆ ಅದಕ್ಕೆ ಬಿಲ್ಲಿಂಗ್ ಫಾರ್ಮಿನ ಕೋಡು ಮುಟ್ಟಬೇಕು. ಮೇ ತಿಂಗಳು ಅರ್ಧ ಕಳೆದಿದ್ದರೆ ಈ ಹಂಗಾಮಿಗೆ ಕೈ ಹಾಕಬೇಡಿ. ಅಲ್ಲಿಯವರೆಗೆ 'ಉಳಿದ ಪಾಕೀಟು' ಖಾನೆಯನ್ನು ಕೌಂಟರಿನ ಫಾರ್ಮಿನಿಂದ ತೆಗೆದುಬಿಡಿ, ಬಿಲ್ಲು ಸೇವ್ ಆದಾಗ ಅದರಿಂದ ಕಳೆಯುವ ಕೋಡಿದ್ದರೆ ಅದನ್ನೂ ನಿಲ್ಲಿಸಿ. ಸಂಜೆ ಎರಡೂ ಕೌಂಟರು ಮುಚ್ಚಿದ ಮೇಲೆ ನೀವೊಬ್ಬರೇ ಕುಳಿತು ಆ ದಿನದ ಬಿಲ್ಲುಗಳಿಂದ ಒಂದು ಅಪ್‌ಡೇಟ್ ಕ್ವೆರಿ ಓಡಿಸಿ ಸ್ಟಾಕ್ ಕಳೆಯಿರಿ. ಒಂದು ದಿನದ ಬಿಲ್ಲು ಎರಡು ಸಲ ಕಳೆದುಹೋಗದಂತೆ, ಕಳೆದ ಬಿಲ್ಲಿಗೆ 'ಹೌದು' ಎಂಬ ಗುರುತಿನ ಫೀಲ್ಡೊಂದು ಬಿಲ್ ಟೇಬಲ್ಲಿನಲ್ಲಿ ಇರಲಿ.